ಬಿಸ್ಕ್ರಾ, ತೋಜರ್, ಘರ್ದಾಯಾ: ಸಹಾರಾದ ಓಯಸಿಸ್ ಊರುಗಳ ಹಳೆಯ ಪಿಕ್ಚರ್ ಕಾರ್ಡ್‌ಗಳಲ್ಲಿ ಯಾವುದನ್ನು ಆರಿಸಬೇಕು?

ಖರ್ಜೂರದ ಮರ, ಮಣ್ಣಿನ ಗೋಡೆ, ನೀರಿನ ಕಾಲುವೆ, ಒಂಟೆ. ಉತ್ತರ ಆಫ್ರಿಕಾದ ಮರಳುಗಾಡಿನ ಊರುಗಳ ಹಳೆಯ ಚಿತ್ರದ ಅಂಚೆಕಾರ್ಡ್‌ಗಳನ್ನು ಆನ್‌ಲೈನ್‌ನಲ್ಲಿ ಮೊದಲ ಸಲ ಹುಡುಕಿದವರಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಚೆಂದ ಕಂಡದ್ದನ್ನೆಲ್ಲ ಕೊಳ್ಳುತ್ತ ಹೋದರೆ ಒಂದಷ್ಟು ಖರ್ಜೂರದ ಮರಗಳು ಕೂಡಿಬೀಳುತ್ತವೆ, ಸಂಗ್ರಹ ಆಗುವುದಿಲ್ಲ. ಇಲ್ಲಿ ಆರಿಸಬೇಕಾದದ್ದು ನಾಲ್ಕು: ಯಾವ ಊರು, ಯಾವ ಬಗೆಯ ಮುದ್ರಣ, ಯಾವ ಕಾಲ, ಅಂಚೆಯಲ್ಲಿ ಹೋದದ್ದೋ ಹೋಗದ್ದೋ. ಊರನ್ನು ಮೊದಲು ಗಟ್ಟಿಮಾಡಿಕೊಂಡರೆ ಉಳಿದ ಮೂರು ತೀರ್ಮಾನಗಳು ಸಲೀಸಾಗುತ್ತವೆ. ಮುದ್ರಣ ಆಮೇಲಿನ ಮಾತು, ಅಂಚೆ ಠಸ್ಸೆ ಅದಕ್ಕೂ ಆಮೇಲಿನದು. ಈ ಕ್ರಮ ತಲೆಕೆಳಗಾದಲ್ಲೇ ಹೆಚ್ಚು ದುಡ್ಡು ಪೋಲಾಗುವುದು.

ಯಾವ ಊರು?

ಅಲ್ಜೀರಿಯಾದ ಬಿಸ್ಕ್ರಾ ಈ ಮಾರುಕಟ್ಟೆಯ ಹೆಬ್ಬಾಗಿಲು. 1888ರಲ್ಲಿ ಅಲ್ಲಿಗೆ ರೈಲು ಬಂತು. ಯುರೋಪಿನ ಚಳಿ ತಪ್ಪಿಸಿಕೊಳ್ಳಲು ಬರುವವರಿಗಾಗಿ ರಾಯಲ್ ಹೋಟೆಲ್, ಕ್ಯಾಸಿನೊ ಎದ್ದವು. ಲ್ಯಾಂಡನ್ ಎಂಬ ಕೌಂಟ್ ಮಾಡಿಸಿದ ತೋಟ ಪ್ರವಾಸಿಗಳು ತಪ್ಪದೆ ನೋಡುವ ಜಾಗವಾಯಿತು. ಚಿತ್ರಕಾರ ಮಾತೀಸ್ 1906ರಲ್ಲಿ ಬಂದುಹೋದ, ಹಂಗೇರಿಯ ಸಂಗೀತಗಾರ ಬಾರ್ಟೋಕ್ 1913ರಲ್ಲಿ ಇದೇ ಸೀಮೆಯಲ್ಲಿ ಅರಬ್ ಹಾಡುಗಳನ್ನು ಸಂಗ್ರಹಿಸಿದ. ಇಷ್ಟು ಜನ ಬಂದಲ್ಲಿ ಕಾರ್ಡ್ ಮಾರಾಟವೂ ಜೋರು. ಹಾಗಾಗಿ ಬಿಸ್ಕ್ರಾದ ಕಾರ್ಡ್‌ಗಳು ಇಂದಿಗೂ ಹೇರಳ, ಸಾಮಾನ್ಯ ನೋಟಗಳು ಕೆಲವೇ ಯೂರೊಗೆ ಸಿಗುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ. ಒಂದೇ ಬೀದಿಯನ್ನು ನಾಲ್ಕು ಪ್ರಕಾಶಕರು ನಾಲ್ಕು ವಿಧದಲ್ಲಿ ಅಚ್ಚು ಹಾಕಿರುತ್ತಾರೆ, ಪಕ್ಕಪಕ್ಕ ಇಟ್ಟರೆ ಮುದ್ರಣದ ವ್ಯತ್ಯಾಸ ತಾನಾಗಿ ಕಣ್ಣಿಗೆ ಬೀಳುತ್ತದೆ. ತೊಂದರೆ ಏನೆಂದರೆ ಹೋಟೆಲು, ರೈಲ್ವೆ ನಿಲ್ದಾಣ, ಮಾರುಕಟ್ಟೆ ಇವೇ ಮತ್ತೆ ಮತ್ತೆ ಬರುತ್ತವೆ. ಸ್ವಾರಸ್ಯವಿರುವುದು ಹಳೆ ಬಿಸ್ಕ್ರಾದ ಮಣ್ಣಿನ ಮನೆಗಳಲ್ಲಿ, ಸೇಗಿಯಾ ಎಂದು ಕರೆಯುವ ನೀರುಗಾಲುವೆಗಳಲ್ಲಿ, ಹತ್ತಿರದ ಸಿದಿ ಒಕ್ಬಾದ ಮಸೀದಿಯಲ್ಲಿ, ಉತ್ತರದ ಎಲ್ ಕಾಂತಾರಾ ಕಣಿವೆಯ ರೋಮನ್ ಸೇತುವೆಯಲ್ಲಿ.

ಟುನೀಶಿಯಾದ ತೋಜರ್ ಬೇರೆ ರುಚಿಯವರಿಗೆ. ಅಲ್ಲಿನ ಔಲೆದ್ ಎಲ್ ಹಾದೆಫ್ ಕೇರಿಯಲ್ಲಿ ಹಳದಿ ಇಟ್ಟಿಗೆಗಳನ್ನು ಒಳಕ್ಕೆ ಹೊರಕ್ಕೆ ಸರಿಸಿ ಗೋಡೆಯ ತುಂಬ ಜ್ಯಾಮಿತಿಯ ವಿನ್ಯಾಸ ಮೂಡಿಸಿದ್ದಾರೆ. ಇದನ್ನು ಕಪ್ಪು-ಬಿಳುಪಿನ ಕಾರ್ಡ್‌ನಲ್ಲೇ ನೋಡಬೇಕು. ಬಣ್ಣ ಬಳಿದ ಕಾರ್ಡ್‌ಗಳಲ್ಲಿ ಇಟ್ಟಿಗೆಯ ನೆರಳುಗಳು ಬಣ್ಣದಡಿ ಮುಚ್ಚಿಹೋಗುತ್ತವೆ. ಹದಿಮೂರನೆಯ ಶತಮಾನದಲ್ಲಿ ಇಬ್ನ್ ಶಬ್ಬಾತ್ ತೋಟಗಳಿಗೆ ನೀರು ಹಂಚುವ ಕ್ರಮ ರೂಪಿಸಿದ್ದು ಇಲ್ಲೇ, ಆದ್ದರಿಂದ ಕಾಲುವೆ ಕವಲೊಡೆಯುವ ಜಾಗದ ಕಾರ್ಡ್‌ಗಳಿಗೆ ತೋಜರ್‌ನಲ್ಲಿ ವಿಶೇಷ ಅರ್ಥವಿದೆ. ಪಕ್ಕದ ನೆಫ್ತಾದಲ್ಲಿ ಬುಟ್ಟಿ ಎಂದೇ ಹೆಸರಾದ ತಗ್ಗಿನ ಖರ್ಜೂರದ ತೋಪಿದೆ. ಅದನ್ನು ಮೇಲಿನಿಂದ ತೆಗೆದ ನೋಟ ಹಲವು ಪ್ರಕಾಶಕರಲ್ಲಿ ಸಿಗುತ್ತದೆ. ಸಮುದ್ರದ ದಡದ ಗಾಬೆಸ್ ಕೂಡ ಟುನೀಶಿಯಾದ್ದೇ, ಕಾರ್ಡ್‌ಗಳೂ ಬೇಕಾದಷ್ಟಿವೆ, ಆದರೆ ಸೇನಾ ಬ್ಯಾರಕ್ಕುಗಳ ಚಿತ್ರವೇ ಜಾಸ್ತಿ.

ಕಟ್ಟಡಗಳಲ್ಲಿ ಆಸಕ್ತಿಯಿದ್ದರೆ ಅಲ್ಜೀರಿಯಾದ ಮ್ಜಾಬ್ ಕಣಿವೆಗೆ ಹೋಗಿ. ಘರ್ದಾಯಾ, ಬೆನಿ ಇಸ್ಗುಯೆನ್, ಮೆಲಿಕಾ, ಬೂ ನೂರಾ, ಎಲ್ ಅತ್ತೂಫ್ ಎಂಬ ಐದು ಊರುಗಳು ಗುಡ್ಡದ ಮೇಲೆ ಮನೆಗೆ ಮನೆ ಅಂಟಿಕೊಂಡು, ತುದಿಯಲ್ಲಿ ಮಸೀದಿಯ ಮೊನಚು ಗೋಪುರ. 1982ರಿಂದ ಇದು ಯುನೆಸ್ಕೊ ಪಟ್ಟಿಯಲ್ಲಿದೆ. ಒಂದೇ ಕೋನದಿಂದ ತೆಗೆದ 1905ರ ಕಾರ್ಡ್ ಮತ್ತು 1955ರ ಕಾರ್ಡ್ ಪಕ್ಕದಲ್ಲಿಟ್ಟರೆ ಯಾವ ಮನೆ ಎದ್ದಿತು, ಯಾವ ಗೋಡೆ ಹೋಯಿತು ಎಂದು ಎಣಿಸಬಹುದು. ಬಿಸ್ಕ್ರಾದಷ್ಟು ಅಗ್ಗವಲ್ಲ, ಆದರೆ ಒಂದು ವಿಷಯವನ್ನು ಪೂರ್ತಿ ಮಾಡುವ ಸಂತೋಷ ಇಲ್ಲಿ ಸಾಧ್ಯ. ಬೆನಿ ಇಸ್ಗುಯೆನ್‌ನ ಒಳಬೀದಿಗಳ ಚಿತ್ರ ಕಡಿಮೆ, ಘರ್ದಾಯಾದ ಮಾರುಕಟ್ಟೆ ಚೌಕದ್ದು ಧಾರಾಳ. ಚೌಕಕ್ಕೆ ಹೆಚ್ಚು ಬೆಲೆ ಕೇಳಿದರೆ ಮುಂದಕ್ಕೆ ಹೋಗಿ.

ಅಲ್ಜೀರಿಯಾದ್ದೇ ಆದ ಎಲ್ ವೆದ್ ಸಾವಿರ ಗುಮ್ಮಟಗಳ ಊರು. ಮರಳ ದಿಬ್ಬದ ನಡುವೆ ಗುಂಡಿ ತೋಡಿ, ಅಂತರ್ಜಲದ ಹತ್ತಿರಕ್ಕೆ ಇಳಿಸಿ ಖರ್ಜೂರ ನೆಡುವ ಘೂತ್ ಪದ್ಧತಿ ಇಲ್ಲಿನದು. ಗುಂಡಿಯಿಂದ ಮರಳು ಹೊತ್ತು ಮೇಲೇರುವವರ ಚಿತ್ರ ಸಿಕ್ಕರೆ ಬಿಡಬೇಡಿ, ಗುಮ್ಮಟಗಳ ಸಾಲಿಗಿಂತ ಅದೇ ಮೇಲು. ತುಗ್ಗುರ್ತ್‌ಗೆ 1914ರಲ್ಲಿ ರೈಲು ಬಂತು. 1922ರ ಡಿಸೆಂಬರ್‌ನಲ್ಲಿ ಸಿತ್ರೊಎನ್ ಕಂಪನಿಯ ವಾಹನಗಳು ಟಿಂಬಕ್ಟೂಗೆ ಹೊರಟದ್ದು ಇಲ್ಲಿಂದ, ಹಾಗಾಗಿ ಮೋಟಾರು ಇತಿಹಾಸದವರೂ ಇಲ್ಲಿನ ಕಾರ್ಡ್‌ಗೆ ಪೈಪೋಟಿ ನಡೆಸುತ್ತಾರೆ. ಇದೇ ಸೀಮೆಯ ತಮೆರ್ನಾದಲ್ಲಿ ಫ್ರೆಂಚರು 1856ರಲ್ಲಿ ಮೊದಲ ಆರ್ಟೀಸಿಯನ್ ಬಾವಿ ಕೊರೆದರು. ನೀರು ತಾನಾಗಿ ಉಕ್ಕುವ ಇಂಥ ಬಾವಿಗಳ ಕಾರ್ಡ್‌ಗಳು ನೀರಾವರಿ ವಿಷಯದವರಿಗೆ ಹೇಳಿಮಾಡಿಸಿದಂತಿವೆ.

ಉಳಿದವು ಚುಟುಕಾಗಿ. ಅಲ್ಜೀರಿಯಾದ ಬೂಸಾದಾ ಚಿತ್ರಕಾರ ಎತಿಯೆನ್ ದಿನೆ ನೆಲೆಸಿದ ಊರು, ಕಾರ್ಡ್‌ಗಳು ಹೇರಳ, ಬೆಲೆ ಹಿತ. ಬೆನಿ ಊನಿಫ್ (1903ರಲ್ಲಿ ರೈಲು) ಮತ್ತು ಕೊಲಂಬ್ ಬೆಷಾರ್ (1905ರಲ್ಲಿ ರೈಲು) ಮೊರಾಕ್ಕೊ ಗಡಿಯ ಸೇನಾ ಊರುಗಳು, ಚಿತ್ರಕ್ಕಿಂತ ಹಿಂಬದಿಯ ಅಂಚೆ ಗುರುತಿಗೇ ಕೊಳ್ಳುವಂಥವು. ಲಿಬಿಯಾದ ಘದಾಮಿಸ್‌ನ ಮುಚ್ಚಿದ ಓಣಿಗಳು ಸೊಗಸು, ಕಾರ್ಡ್‌ಗಳು ಹೆಚ್ಚಾಗಿ ಇಟಲಿ ಆಳಿದ 1920-30ರ ದಶಕಗಳವು. ಈಜಿಪ್ಟಿನ ಸಿವಾ ಸಿಗುವುದೇ ಅಪರೂಪ. ಅಲ್ಲಿನ ಶಾಲಿ ಎಂಬ ಉಪ್ಪುಮಣ್ಣಿನ ಕೋಟೆಯೂರು 1926ರ ಮಳೆಗೆ ಕರಗಿ ಕುಸಿಯಿತು, ಆದ್ದರಿಂದ ಗೋಡೆಗಳು ಇಡಿಯಾಗಿ ನಿಂತಿರುವ ಚಿತ್ರ ಅದಕ್ಕೆ ಹಿಂದಿನದು ಎಂದು ಹೇಳಬಹುದು. ಸಿವಾದಿಂದ ಶುರುಮಾಡುವುದು ಬೇಡ. ಆರು ತಿಂಗಳು ಕಾದರೂ ಆಲ್ಬಂನ ಒಂದು ಪುಟ ತುಂಬಲಿಕ್ಕಿಲ್ಲ.

ಮುದ್ರಣದ ಬಗೆ

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಲ್ಲದೆ ಈ ಹವ್ಯಾಸಕ್ಕೆ ಇಳಿಯಬೇಡಿ. ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದಾದರೂ ಸಾಕು. ಆಕಾಶದಂಥ ತಿಳಿಯಾದ ಭಾಗವನ್ನೂ ನೆರಳಿನ ಭಾಗವನ್ನೂ ಎರಡೂ ಕಡೆ ನೋಡಬೇಕು.

1914ರ ಹಿಂದಿನ ಬಹುಪಾಲು ಕಾರ್ಡ್‌ಗಳು ಕೊಲೊಟೈಪ್, ಫ್ರೆಂಚ್ ಮಾರಾಟಗಾರರ ಮಾತಿನಲ್ಲಿ ಫೋಟೊಟೈಪಿ. ದಪ್ಪ ಗಾಜಿನ ಮೇಲೆ ಜೆಲಟಿನ್ ಹಚ್ಚಿ, ಬೆಳಕಿಗೆ ಒಡ್ಡಿ, ಶಾಯಿ ಹಿಡಿಸಿ ಒತ್ತುವ ವಿಧಾನ. ಒಣಗಿದ ಜೆಲಟಿನ್ ಸುಕ್ಕಾಗಿ ಉಂಟಾದ ಹುಳುವಿನಾಕಾರದ ಅಡ್ಡಾದಿಡ್ಡಿ ಗೆರೆಗಳು ಭೂತಗನ್ನಡಿಯಲ್ಲಿ ಕಾಣುತ್ತವೆ, ಸಾಲುಸಾಲಾದ ಚುಕ್ಕಿಗಳು ಕಾಣುವುದಿಲ್ಲ. ವಿವರ ಬಹಳ ಸೂಕ್ಷ್ಮ, ದೂರದ ಕಿಟಕಿಯ ಜಾಲರಿ ಕೂಡ ಉಳಿದಿರುತ್ತದೆ. ಒಂದು ಗಾಜು ಸಾವಿರ ಚಿಲ್ಲರೆ ಪ್ರತಿಗಳಿಗೆ ಸವೆಯುತ್ತಿದ್ದರಿಂದ ಕೊನೆಕೊನೆಯ ಪ್ರತಿಗಳು ಮಂಕು. ಒಂದೇ ನಂಬರಿನ ಎರಡು ಕಾರ್ಡ್‌ಗಳಲ್ಲಿ ಒಂದು ಗಟ್ಟಿ ಕಪ್ಪು, ಇನ್ನೊಂದು ಬೂದಿಬಣ್ಣ ಇರುವುದಕ್ಕೆ ಕಾರಣ ಇದೇ. ಮಂಕಾದದ್ದನ್ನು ಅಗ್ಗವೆಂದು ಕೊಳ್ಳಬೇಡಿ, ಸ್ವಲ್ಪ ಕಾದರೆ ಕಪ್ಪಾದದ್ದು ಅಷ್ಟೇ ಬೆಲೆಗೆ ಬರುತ್ತದೆ. ಮನೆಯಲ್ಲಿ ಹಿರಿಯರ ಕಾಲದ ಹಿಗ್ಗಿನ್‌ಬಾಥಮ್ಸ್ ಪ್ರಕಟಣೆಯ ಬೆಂಗಳೂರು, ಮೈಸೂರಿನ ಕಾರ್ಡ್‌ಗಳಿದ್ದರೆ ಮೊದಲು ಅವುಗಳ ಮೇಲೆ ಭೂತಗನ್ನಡಿ ಹಿಡಿದು ಕಣ್ಣು ಪಳಗಿಸಿಕೊಳ್ಳಿ. ಅದೇ ಕಾಲದ ಆ ಕಾರ್ಡ್‌ಗಳಲ್ಲೂ ಈ ಸುಕ್ಕುಗೆರೆ ಸಿಗುವ ಸಂಭವ ಹೆಚ್ಚು.

ಬಣ್ಣದ ಕೊಲೊಟೈಪ್‌ನಲ್ಲಿ ಬಣ್ಣ ಆಮೇಲೆ ಸೇರಿಸಿದ್ದು, ಹಲವು ಸಲ ಕೊರೆದ ತಗಡಿನ ಅಚ್ಚಿಟ್ಟು ಕೈಯಲ್ಲಿ ಬಳಿದದ್ದು. ಬಳಿದವರು ಆ ಊರನ್ನು ಕಂಡವರಲ್ಲ. ಗುಲಾಬಿ ಆಕಾಶ, ಮಲೆನಾಡಿನ ಹಸಿರಿನ ಖರ್ಜೂರ. ಗೋಡೆಯ ಅಂಚು ದಾಟಿ ಚೆಲ್ಲಿದ ಬಣ್ಣ ನೋಡಿದರೆ ಅಚ್ಚು ಜರುಗಿದ್ದು ಗೊತ್ತಾಗುತ್ತದೆ. ಗೋಡೆಗೆ ತೂಗುಹಾಕಲು ಚೆಂದ, ಊರಿನ ವಿವರಕ್ಕೆ ಪ್ರಯೋಜನವಿಲ್ಲ. ಜ್ಯೂರಿಖ್‌ನ ಫೋಟೊಗ್ಲೋಬ್ ಸಂಸ್ಥೆಯ ಫೋಟೊಕ್ರೋಮ್ ಬೇರೆಯೇ ಜಾತಿ: ಹಲವು ಕಲ್ಲುಗಳಿಂದ ಒಂದೊಂದೇ ಬಣ್ಣ ಒತ್ತಿದ್ದು. ಅದರಲ್ಲೂ ಚುಕ್ಕಿಸಾಲು ಇರದು, ಒರಟು ಮರಳಿನಂಥ ಬಣ್ಣದ ಕಣಗಳಿರುತ್ತವೆ. ಬಣ್ಣವೇ ಬೇಕು ಎನ್ನುವವರು ಬಳಿದ ಐದು ಕಾರ್ಡ್‌ಗಳ ಬದಲು ಇಂಥದೊಂದು ಕೊಳ್ಳಲಿ.

ನಿಜ ಫೋಟೊ ಕಾರ್ಡ್ ಅಂದರೆ ಬ್ರೋಮೈಡ್ ಕಾಗದದ ಮೇಲೆ ನೇರವಾಗಿ ತೊಳೆದ ಚಿತ್ರ. ಭೂತಗನ್ನಡಿಯಲ್ಲಿ ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ, ನಯವಾದ ಛಾಯೆ. ಕಾರ್ಡನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಕಪ್ಪು ಭಾಗದಲ್ಲಿ ಬೆಳ್ಳಿಯ ಹೊಳಪು ಕಾಣಬಹುದು. ತೇವಕ್ಕೂ ಗಂಧಕದ ಅಂಶವಿರುವ ಗಾಳಿಗೂ ಬೆಳ್ಳಿ ಮೇಲೆದ್ದು ಬಂದದ್ದು ಅದು. ಅತಿಯಾದರೆ ಕುಂದು, ಅಂಚಿನಲ್ಲಿ ಸ್ವಲ್ಪ ಇದ್ದರೆ ಹಳೆಯದು ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಸಣ್ಣ ಸೇನಾ ಠಾಣೆಗಳಲ್ಲಿದ್ದವರು ತಾವೇ ತೆಗೆದು ಹತ್ತಿಪ್ಪತ್ತು ಪ್ರತಿ ತೊಳೆಸಿದ ಕಾರ್ಡ್‌ಗಳು ಈ ಗುಂಪಿಗೆ ಸೇರುತ್ತವೆ. ಊರಿನ ಹೆಸರಿಲ್ಲದೆ ಬಂದವನ್ನು ಗುರುತಿಸುವ ಶಕ್ತಿ ನಿಮಗಿದ್ದರೆ ಅಗ್ಗಕ್ಕೆ ಅಪರೂಪದ್ದು ಕೈಸೇರುವ ದಾರಿ ಇದೊಂದೇ.

ಕಂದು ಬಣ್ಣದ ಗ್ರಾವ್ಯೂರ್ ಕಾರ್ಡ್‌ಗಳು ಸಾಮಾನ್ಯವಾಗಿ 1920ರ ನಂತರದವು. ಸಮನಾದ ಸಣ್ಣ ಚೌಕಗಳ ಬಲೆ, ಮಖಮಲ್ಲಿನಂಥ ನೆರಳು. ಅಕ್ಷರಗಳ ಅಂಚು ಕೂಡ ಹಲ್ಲುಹಲ್ಲಾಗಿ ಕಂಡರೆ ಅನುಮಾನವೇ ಬೇಡ, ಗ್ರಾವ್ಯೂರ್. ಚುಕ್ಕಿಸಾಲಿನ ಹಾಫ್‌ಟೋನ್ ಎಲ್ಲಕ್ಕಿಂತ ಕೀಳು. ಊರು ಬಹಳ ಅಪರೂಪದ್ದಲ್ಲದಿದ್ದರೆ ಕೊಳ್ಳುವ ಅಗತ್ಯವಿಲ್ಲ.

ಮೊದಲ ಆಯ್ಕೆಗೆ ನಮ್ಮ ಮತ ಬಣ್ಣವಿಲ್ಲದ ಕೊಲೊಟೈಪ್‌ಗೆ. ವಿವರ, ಬೆಲೆ, ಬಾಳಿಕೆ ಮೂರರಲ್ಲೂ ಅದಕ್ಕೆ ಸಾಟಿಯಿಲ್ಲ. ನಿಜ ಫೋಟೊ ಎರಡನೆಯದು, ಇಟ್ಟುಕೊಳ್ಳುವ ಜಾಗ ಒಣದಾಗಿದ್ದರೆ ಮಾತ್ರ.

ಪ್ರಕಾಶಕರ ಗುರುತು, ಮತ್ತು ಎಲ್ಲರೂ ಎಡವುವ ಎಲ್-ಎಲ್

ಕಾರ್ಡ್‌ನ ಮೂಲೆಯಲ್ಲಿ ಎರಡು ಎಲ್ ಅಕ್ಷರ ಇದ್ದರೆ ಅದು ಎರಡರಲ್ಲಿ ಒಂದು. ಬರೀ ಎಲ್-ಎಲ್ ಇದ್ದರೆ ಪ್ಯಾರಿಸ್‌ನ ಲೆಯೋನ್ ಮತ್ತು ಲೆವಿ, ಮುಂದೆ ಲೆವಿ ಮತ್ತು ಮಕ್ಕಳು ಎಂದಾದ ಸಂಸ್ಥೆ. ನಡುವೆ & ಚಿಹ್ನೆ ಇದ್ದು ಟುನಿಸ್ ಅಥವಾ ಕೈರೊ ಎಂದಿದ್ದರೆ ಲೆಹ್ನರ್ಟ್ ಮತ್ತು ಲ್ಯಾಂಡ್ರಾಕ್. ಬೊಹೀಮಿಯಾದಲ್ಲಿ ಹುಟ್ಟಿದ ರುಡಾಲ್ಫ್ ಲೆಹ್ನರ್ಟ್ ಚಿತ್ರ ತೆಗೆಯುತ್ತಿದ್ದ, ಎರ್ನ್‌ಸ್ಟ್ ಲ್ಯಾಂಡ್ರಾಕ್ ವ್ಯಾಪಾರ ನೋಡಿಕೊಳ್ಳುತ್ತಿದ್ದ. 1904ರಲ್ಲಿ ಟುನಿಸ್‌ನಲ್ಲಿ ಅಂಗಡಿ ತೆರೆದರು, 1914ರ ಯುದ್ಧದಲ್ಲಿ ಅದು ಕೈತಪ್ಪಿತು, 1924ರಲ್ಲಿ ಕೈರೊದಲ್ಲಿ ಮತ್ತೆ ಶುರುಮಾಡಿದರು. ಮಾರಾಟಗಾರರು ತಿಳಿದೋ ತಿಳಿಯದೆಯೋ ಲೆವಿಯ ಸಾಮಾನ್ಯ ಕಾರ್ಡ್‌ಗೆ ಲೆಹ್ನರ್ಟ್‌ನ ಬೆಲೆ ಹೇಳುವುದುಂಟು. ಕಣ್ಣಳತೆಯಲ್ಲಿ ಬೇರ್ಪಡಿಸುವುದೂ ಕಷ್ಟವಲ್ಲ: ಲೆವಿಯದ್ದು ಬೀದಿ, ಕಟ್ಟಡ, ಜನಸಂದಣಿಯ ನೇರ ದಾಖಲೆ. ಲೆಹ್ನರ್ಟ್‌ನದ್ದು ಓರೆ ಬೆಳಕು, ಮರಳಿನ ಅಲೆ, ಮೊದಲೇ ನಿಲ್ಲಿಸಿ ತೆಗೆದ ಆಕೃತಿ.

ಎನ್-ಡಿ ಗುರುತು ನ್ಯೂರ್ದೇನ್ ಸಹೋದರರದು. ಲೆವಿಯವರಂತೆ ಇವರೂ ಚಿತ್ರಗಳಿಗೆ ಊರುವಾರು ನಂಬರು ಹಾಕಿದ್ದಾರೆ. ಇದು ದೊಡ್ಡ ಅನುಕೂಲ. ಒಂದು ನೋಟ್‌ಬುಕ್‌ನಲ್ಲಿ ಬಿಸ್ಕ್ರಾ ಎನ್-ಡಿ ಎಂದು ಬರೆದು ಒಂದರಿಂದ ನಂಬರು ಹಾಕಿಕೊಳ್ಳಿ, ಸಿಕ್ಕಿದ್ದಕ್ಕೆ ಗುರುತು ಮಾಡಿ, ಮಾರಾಟಕ್ಕೆ ಕಂಡದ್ದರ ಶೀರ್ಷಿಕೆಯನ್ನೂ ಬರೆದಿಡಿ. ಕೆಲವೇ ತಿಂಗಳಲ್ಲಿ ಯಾವ ನಂಬರು ಎಲ್ಲೂ ಬರುತ್ತಿಲ್ಲ ಎಂದು ಕಾಣತೊಡಗುತ್ತದೆ. ಒಂದೇ ನಂಬರಿಗೆ ಎರಡು ಬೇರೆ ಚಿತ್ರ ಬಂದರೆ ಗಾಬರಿ ಬೇಡ, ಹಳೆಯ ಗಾಜು ಸವೆದಾಗ ಹೊಸ ಚಿತ್ರ ಅದೇ ನಂಬರಿಗೆ ಬಂದಿರಬಹುದು. ಅಲ್ಜೀರ್ಸ್‌ನ ಜ್ಯಾನ್ ಗೈಸರ್, ಬಿಸ್ಕ್ರಾದಲ್ಲೇ ಸ್ಟುಡಿಯೊ ಇಟ್ಟಿದ್ದ ಓಗುಸ್ತ್ ಮೋರ್, ದಕ್ಷಿಣದ ಮರಳುನಾಡನ್ನು ಸುತ್ತಿದ ಅಲೆಕ್ಸಾಂದ್ರ್ ಬೂಗೊ ಇವರೂ ನೋಡತಕ್ಕವರು. ಊರಿನಲ್ಲೇ ಇದ್ದವರಾದ್ದರಿಂದ ಮೋರ್ ಹೆಸರಿನ ಕಾರ್ಡ್‌ಗಳಲ್ಲಿ ಪ್ರವಾಸಿಗಳು ಕಾಲಿಡದ ಮೂಲೆಗಳೂ ಸಿಗುತ್ತವೆ. 1940ರ ನಂತರಕ್ಕೆ ಫ್ರಾನ್ಸಿನ ಮಾಕೊನ್‌ನ ಕೊಂಬಿಯೆ, ಅಲ್ಜೀರ್ಸ್‌ನ ಜೊಮೋನ್.

ಕಾಲ: ಒಂದು ಕಾರ್ಡ್‌ಗೆ ಮೂರು ತಾರೀಖು

ಚಿತ್ರ ತೆಗೆದದ್ದು ಒಂದು ವರ್ಷ, ಅಚ್ಚಾದದ್ದು ಇನ್ನೊಂದು, ಅಂಚೆಗೆ ಬಿದ್ದದ್ದು ಮತ್ತೊಂದು. ಠಸ್ಸೆಯಲ್ಲಿ 1912 ಇದ್ದ ಮಾತ್ರಕ್ಕೆ ಅದು 1912ರ ಬಿಸ್ಕ್ರಾ ಅಲ್ಲ. ನ್ಯೂರ್ದೇನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೆಗೆದ ಚಿತ್ರಗಳನ್ನು ಹೊಸ ಶತಮಾನದಲ್ಲೂ ಮಾರಿದರು, ಲೆಹ್ನರ್ಟ್ ಟುನಿಸ್‌ನ ಕಾಲದಲ್ಲಿ ತೆಗೆದವನ್ನು ಕೈರೊದಲ್ಲಿ ಮತ್ತೆ ಅಚ್ಚು ಹಾಕಿದರು.

ಅಚ್ಚಿನ ಕಾಲಕ್ಕೆ ಹಿಂಬದಿಯೇ ಆಧಾರ. ಫ್ರೆಂಚ್ ಆಡಳಿತದಲ್ಲಿ 1903ರ ಕೊನೆಯವರೆಗೆ ಹಿಂಬದಿ ಪೂರ್ತಿ ವಿಳಾಸಕ್ಕೆ ಮೀಸಲು, ನಡುಗೆರೆ ಇಲ್ಲ. ಸಂದೇಶ ಬರೆಯಬೇಕಾದರೆ ಚಿತ್ರದ ಕಡೆಗೇ. ಅದಕ್ಕಾಗಿ ಚಿತ್ರವನ್ನು ಸಣ್ಣದು ಮಾಡಿ ಜಾಗ ಬಿಟ್ಟಿರುತ್ತಿದ್ದರು. 1904ರಿಂದ ಹಿಂಬದಿಯಲ್ಲಿ ಸಂದೇಶಕ್ಕೂ ವಿಳಾಸಕ್ಕೂ ಜಾಗ ಬೇರೆ ಮಾಡುವ ನಡುಗೆರೆ ಬಂದು, ಚಿತ್ರ ಇಡೀ ಕಾರ್ಡ್ ತುಂಬಿತು. ಆದರೆ ದಾಸ್ತಾನಿದ್ದ ಹಳೆಯ ಕಾರ್ಡ್‌ಗಳು ಮುಗಿಯುವವರೆಗೂ ಮಾರಾಟವಾದವು, ಹಾಗಾಗಿ ನಡುಗೆರೆ ಇಲ್ಲದ ಕಾರ್ಡ್ 1906ರ ಠಸ್ಸೆ ಹೊತ್ತಿದ್ದರೆ ಅದು ಖೊಟ್ಟಿಯಲ್ಲ.

ಫ್ರೆಂಚ್ ಮಾರಾಟಗಾರರು ಮೂರು ಗುಂಪು ಮಾಡುತ್ತಾರೆ. ಸಿ-ಪಿ-ಎ ಎಂದರೆ ಹಳೆಯದು, ಅಳತೆ 9 × 14 ಸೆಂ.ಮೀ. ಸಿ-ಪಿ-ಎಸ್-ಎಂ ಎಂದರೆ ಅರೆ-ಆಧುನಿಕ, ಸುಮಾರು 1940ರ ದಶಕದಿಂದ 1960ರ ದಶಕದವರೆಗೆ, ಹೊಳಪಿನ ಕಾಗದ, ಎಷ್ಟೋ ಸಲ ಹಲ್ಲುಹಲ್ಲಾದ ಅಂಚು. ಸಿ-ಪಿ-ಎಂ ಎಂದರೆ 10 × 15ರ ಬಣ್ಣದ ಕಾರ್ಡ್. ಜನ ಮೊದಲಿನದಕ್ಕೆ ಮುಗಿಬಿದ್ದು ನಡುವಿನದನ್ನು ಕಡೆಗಣಿಸುತ್ತಾರೆ. ಅದು ತಪ್ಪು ಲೆಕ್ಕ. ಅಲ್ಜೀರಿಯಾದ ತಿಮಿಮೂನ್‌ನ ಕೆಂಪು ಮಣ್ಣಿನ ಕಟ್ಟಡಗಳು, ಇನ್ ಸಾಲಾಹ್‌ನಂಥ ದೂರದ ಊರುಗಳು 1914ರ ಮೊದಲು ಕಾರ್ಡ್‌ಗೆ ಬಂದದ್ದು ತೀರ ಕಡಿಮೆ. ಅವು ಸರಿಯಾಗಿ ಸಿಗುವುದು ಕೊಂಬಿಯೆಯ ಕಾಲದಲ್ಲೇ, ಅದೂ ಹಳೆಯ ಬಿಸ್ಕ್ರಾ ಕಾರ್ಡ್‌ನಷ್ಟೇ ಬೆಲೆಗೆ. 1956ರಲ್ಲಿ ಹಾಸಿ ಮೆಸಾವುದ್‌ನಲ್ಲಿ ತೈಲ ಸಿಕ್ಕಮೇಲೆ ಈ ಊರುಗಳ ಮುಖವೇ ಬದಲಾಯಿತು, ಅದಕ್ಕೆ ಮುಂಚಿನ ದಾಖಲೆ ಎಂಬ ಕಾರಣಕ್ಕೂ ಇವು ಬೇಕು.

ಅಂಚೆಯಲ್ಲಿ ಹೋದದ್ದೋ, ಹೋಗದ್ದೋ?

ಚಿತ್ರವೇ ಮುಖ್ಯ ಎನ್ನುವವರಿಗೆ ಬರೆಯದ ಕಾರ್ಡ್ ಸಾಕು, ಮೇಲ್ಮೈ ಶುಚಿಯಾಗಿರುತ್ತದೆ. ಆದರೆ ಅಂಚೆಯಲ್ಲಿ ಹೋದ ಕಾರ್ಡ್ ತನ್ನ ಪ್ರಾಯವನ್ನು ತಾನೇ ಹೇಳುತ್ತದೆ. ಅಲ್ಜೀರಿಯಾಕ್ಕೆ 1924ರವರೆಗೆ ಸ್ವಂತ ಸ್ಟಾಂಪ್ ಇರಲಿಲ್ಲ, ಫ್ರಾನ್ಸಿನ ಸ್ಟಾಂಪೇ ನಡೆಯುತ್ತಿತ್ತು. ಬೀಜ ಬಿತ್ತುವ ಹೆಣ್ಣಿನ ಚಿತ್ರದ 10 ಸಾಂತೀಮ್ (ಫ್ರಾಂಕಿನ ನೂರರಲ್ಲೊಂದು ಪಾಲು ಒಂದು ಸಾಂತೀಮ್) ಕೆಂಪು ಸ್ಟಾಂಪ್ ಬಿಸ್ಕ್ರಾದ ಕಾರ್ಡ್‌ಗಳಲ್ಲಿ ಸರ್ವೇಸಾಮಾನ್ಯ. ಟುನೀಶಿಯಾಕ್ಕೆ 1888ರಿಂದಲೇ ಸ್ವಂತದ್ದಿತ್ತು, 1906ರ ಸರಣಿಯಲ್ಲಿ ಕೈರುವಾನ್‌ನ ಮಸೀದಿ ಇದೆ. ಇಟಲಿಯ ಲಿಬಿಯಾದಲ್ಲಿ 1912ರಿಂದ ಇಟಲಿಯ ಸ್ಟಾಂಪ್ ಮೇಲೆ ಲಿಬಿಯಾ ಎಂದು ಒತ್ತಿದ್ದು. ಟುನೀಶಿಯಾದ ಸ್ಟಾಂಪ್ ಹೊತ್ತ ಕಾರ್ಡ್‌ನಲ್ಲಿ ಬಿಸ್ಕ್ರಾದ ಚಿತ್ರವಿದ್ದರೆ ಪ್ರವಾಸಿ ಗಡಿ ದಾಟಿದ ಮೇಲೆ ಅಂಚೆಗೆ ಹಾಕಿದ್ದಾನೆ ಎಂದರ್ಥ. ಚಿತ್ರದ ಊರಲ್ಲೇ ಠಸ್ಸೆ ಬಿದ್ದದ್ದಕ್ಕೆ ಅಂಚೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ.

ಒಂದು ಬಿಸ್ಕ್ರಾ ಕಾರ್ಡ್‌ಗೆ ಹತ್ತು ಸಾಂತೀಮ್, ಇನ್ನೊಂದಕ್ಕೆ ಐದೇ ಸಾಂತೀಮ್ ಏಕೆ ಎಂಬ ಪ್ರಶ್ನೆ ಹೊಸಬರಿಗೆ ಬರುತ್ತದೆ. ಐದು ಪದಗಳಿಗೆ ಮೀರದ ಕುಶಲೋಪರಿಯಿದ್ದರೆ ಫ್ರೆಂಚ್ ಆಡಳಿತದೊಳಗೆ ಅರ್ಧ ದರ. ಅದಕ್ಕೇ ಅಷ್ಟೊಂದು ಕಾರ್ಡ್‌ಗಳಲ್ಲಿ ಒಂದು ಸಹಿ, 'ಮುತ್ತು' ಎಂಬೊಂದು ಮಾತು, ಇಷ್ಟೇ ಇರುವುದು. 1917ರಿಂದ ಪೂರ್ಣ ದರ 15 ಸಾಂತೀಮ್ ಆಯಿತು. ಸ್ಟಾಂಪ್ ಇಲ್ಲದೆ ಎಫ್-ಎಂ ಎಂದು ಕೈಬರಹವಿದ್ದರೆ ಸೈನಿಕರ ಉಚಿತ ಅಂಚೆ. ಬೆನಿ ಊನಿಫ್, ಕೊಲಂಬ್ ಬೆಷಾರ್‌ನ ಇಂಥ ಕಾರ್ಡ್‌ಗಳಲ್ಲಿ ಸೇನಾ ತುಕಡಿಯ ಮೊಹರು ಸ್ಪಷ್ಟವಾಗಿ ಓದಲು ಬಂದರೆ ಚಿತ್ರ ಹೇಗೇ ಇರಲಿ ಕೊಳ್ಳಬಹುದು. ಚಿತ್ರದ ಕಡೆಯೇ ಸ್ಟಾಂಪ್ ಅಂಟಿಸಿದ್ದನ್ನು ಟಿ-ಸಿ-ವಿ ಎನ್ನುತ್ತಾರೆ. ಆಕಾಶದ ಮೂಲೆಯಲ್ಲಿದ್ದರೆ ಸೊಗಸು, ಮಸೀದಿಯ ಗೋಪುರದ ಮೇಲಿದ್ದರೆ ದಂಡ. ಸ್ಟಾಂಪ್ ಕಿತ್ತುಹೋದ ಕಾರ್ಡ್‌ಗೆ ಅರ್ಧ ಬೆಲೆಯೂ ಜಾಸ್ತಿ, ಕಾಗದದ ಪದರವೂ ಜೊತೆಗೆ ಹೋಗಿರುತ್ತದೆ.

ಜನರ ಚಿತ್ರಗಳು

'ದೃಶ್ಯಗಳು ಮತ್ತು ಮಾದರಿಗಳು' ಎಂಬರ್ಥದ ಫ್ರೆಂಚ್ ತಲೆಬರಹದಡಿ ಬಂದ ಸರಣಿಗಳು ಈ ಮಾರುಕಟ್ಟೆಯ ದೊಡ್ಡ ಪಾಲು. ಔಲೆದ್ ನಾಯ್ಲ್ ಕುಲದ ನರ್ತಕಿಯರು, ಬೆದೂಯಿನ್ ಚೆಲುವೆಯರು ಇತ್ಯಾದಿ. ಇವು ಬಹುಮಟ್ಟಿಗೆ ಸ್ಟುಡಿಯೊದಲ್ಲಿ ದುಡ್ಡು ಕೊಟ್ಟು, ಬಟ್ಟೆ ತೊಡಿಸಿ ಅಥವಾ ತೊಡಿಸದೆ, ವಸಾಹತಿನ ಗಂಡಸರ ಕಣ್ಣಿಗಾಗಿ ತೆಗೆದದ್ದು. ಒಬ್ಬಳೇ ಹೆಂಗಸು ಒಂದು ಕಾರ್ಡ್‌ನಲ್ಲಿ ಒಂದು ಊರಿನವಳು, ಇನ್ನೊಂದರಲ್ಲಿ ಬೇರೊಂದು ಕುಲದವಳು. ಆದ್ದರಿಂದ ಆಭರಣ, ಉಡುಪಿನ ಅಧ್ಯಯನಕ್ಕೆ ಈ ಶೀರ್ಷಿಕೆಗಳನ್ನು ನಂಬುವಂತಿಲ್ಲ. ಸಣ್ಣ ವಯಸ್ಸಿನವರನ್ನು ಅರೆಬೆತ್ತಲೆ ತೋರಿಸುವ ಕಾರ್ಡ್‌ಗಳೂ ಇವುಗಳಲ್ಲಿವೆ. ಅಂಥವನ್ನು ಕೊಳ್ಳಲೇಬಾರದು, ಬೆರಕೆ ಲಾಟ್‌ನಲ್ಲಿ ಬರುವಂತಿದ್ದರೆ ಆ ಲಾಟನ್ನೇ ಬಿಡಿ. ಜನ ಬೇಕೆಂದರೆ ಮಾರುಕಟ್ಟೆ, ಕಾಲುವೆ ತೋಡುವವರು, ಖರ್ಜೂರ ಇಳಿಸುವವರು, ಮದರಸದ ಮಕ್ಕಳು, ಹೀಗೆ ಕೆಲಸದ ನಡುವೆ ತೆಗೆದದ್ದನ್ನು ಆರಿಸಿಕೊಳ್ಳಿ. ಊರಿನ ಬದುಕು ಕಾಣುವುದು ಅಲ್ಲಿ.

ಖೊಟ್ಟಿ ಮತ್ತು ಮರುಮುದ್ರಣ

ಹಳೆಯ ಫೋಟೊಕ್ರೋಮ್‌ಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೊಡ್ಡ ಗಾತ್ರದ ಫೈಲುಗಳಾಗಿ ಪುಕ್ಕಟೆ ಕೊಡುತ್ತದೆ, ಯಾರು ಬೇಕಾದರೂ ಇಳಿಸಿಕೊಂಡು ಕಾರ್ಡ್ ಒತ್ತಬಹುದು. ತಾವಾಗಿ ಇದು ಹೊಸದು ಎಂದು ಹೇಳಿ ಮಾರುವವರ ತಕರಾರಿಲ್ಲ, ಹೇಳದವರದ್ದೇ ಸಮಸ್ಯೆ. ಪರೀಕ್ಷೆ ಮೂರು. ಒಂದು, ಭೂತಗನ್ನಡಿಯಲ್ಲಿ ಚಿತ್ರದ ಜೊತೆ ಶೀರ್ಷಿಕೆಯ ಅಕ್ಷರಗಳೂ ಚುಕ್ಕಿಚುಕ್ಕಿಯಾಗಿ ಕಂಡರೆ ಅದು ಇಡೀ ಕಾರ್ಡನ್ನು ಸ್ಕ್ಯಾನ್ ಮಾಡಿ ಒತ್ತಿದ್ದು. ಎರಡು, ಕತ್ತಲೆ ಕೋಣೆಯಲ್ಲಿ 365 ನ್ಯಾನೊಮೀಟರ್‌ನ ಯುವಿ ಟಾರ್ಚ್ ಬಿಡಿ. ಕಾಗದವನ್ನು ಬೆಳ್ಳಗೆ ಮಾಡುವ ರಾಸಾಯನಿಕಗಳು ಬಳಕೆಗೆ ಬಂದದ್ದು 1950ರ ಆಸುಪಾಸಿಗೆ, ಆದ್ದರಿಂದ ಕಾರ್ಡ್ ನೀಲಿಯಾಗಿ ಉರಿದರೆ ಅದು 1910ರದ್ದಾಗಲು ಸಾಧ್ಯವಿಲ್ಲ. ಬಟ್ಟೆ ಸೋಪಿನ ಪುಡಿ ತಾಗಿದ ಕೈಯಲ್ಲಿ ಮುಟ್ಟಿದರೆ ಅಲ್ಲಲ್ಲಿ ನೀಲಿ ಮಚ್ಚೆ ಕಾಣಬಹುದು, ಅದು ಲೆಕ್ಕಕ್ಕಿಲ್ಲ. ಮೂರು, ಅಳತೆ. ಹಳೆಯ ಕಾರ್ಡ್ 88–90 × 138–140 ಮಿ.ಮೀ. ಇರಬೇಕು. ಎರಡು-ಮೂರು ಮಿಲಿಮೀಟರ್ ಕಡಿಮೆಯಿದ್ದರೆ ಹಾಳಾದ ಅಂಚನ್ನು ಕತ್ತರಿಸಿದ್ದಾರೆ. ಹಲ್ಲಂಚಿನ ಕಾರ್ಡ್‌ಗೆ ಒಂದು ಬದಿ ಮಾತ್ರ ನೇರವಿದ್ದರೂ ಅದೇ ಕಥೆ.

ಕೊಳ್ಳುವುದು, ಮಳೆಗಾಲದಲ್ಲಿ ಉಳಿಸಿಕೊಳ್ಳುವುದು

ಈ ಕಾರ್ಡ್‌ಗಳ ದೊಡ್ಡ ಸಂತೆ ಬೆಲ್ಜಿಯಂ ಮೂಲದ ಡೆಲ್ಕಾಂಪ್ ಜಾಲತಾಣ, ಆಮೇಲೆ ಇಬೇ. ಹುಡುಕುವಾಗ ಊರಿನ ಹೆಸರಿನ ಕಾಗುಣಿತ ಬದಲಿಸಿ ನೋಡಿ. ತುಗ್ಗುರ್ತ್‌ನಲ್ಲಿ ಜಿ ಅಕ್ಷರ ಒಂದೂ ಇರುತ್ತದೆ ಎರಡೂ ಇರುತ್ತದೆ, ಘದಾಮಿಸ್ ಇಟಲಿಯ ಕಾರ್ಡ್‌ಗಳಲ್ಲಿ ಎಚ್ ಇಲ್ಲದೆ ಬರುತ್ತದೆ. ತಪ್ಪು ಕಾಗುಣಿತದ ಕಾರ್ಡ್‌ಗಳಿಗೆ ಗಿರಾಕಿ ಕಡಿಮೆ. ಹಿಂಬದಿಯ ಚಿತ್ರ ಹಾಕದವರಿಂದ ಅದನ್ನು ಕೇಳಿ ಪಡೆಯದೆ ಕೊಳ್ಳಬೇಡಿ. ಬೆಲೆಯುಳ್ಳದ್ದಾದರೆ 600 ಡಿಪಿಐ ಸ್ಕ್ಯಾನ್ ಕೇಳಿ, ಸುಕ್ಕುಗೆರೆಯೋ ಚುಕ್ಕಿಯೋ ಎಂಬುದು ಅದರಲ್ಲೇ ಸುಳಿವು ಕೊಡುತ್ತದೆ. ಫ್ರಾನ್ಸಿನಿಂದ ಭಾರತಕ್ಕೆ ಒಂದು ಕಾರ್ಡ್ ತರಿಸಿದರೆ ಅಂಚೆವೆಚ್ಚವೇ ಕಾರ್ಡ್‌ನ ಬೆಲೆ ಮೀರುತ್ತದೆ, ಆದ್ದರಿಂದ ಒಬ್ಬರೇ ಮಾರಾಟಗಾರರಲ್ಲಿ ಹತ್ತು-ಹದಿನೈದು ಕೂಡಿಹಾಕಿ ಒಟ್ಟಿಗೆ ತರಿಸಿ. ಎರಡು ದಪ್ಪ ರಟ್ಟಿನ ನಡುವೆ, ಪ್ಲಾಸ್ಟಿಕ್ ಹೊದಿಕೆಯೊಳಗೆ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಲು ಬರೆದು ಹೇಳಿ. ನಮ್ಮ ಜುಲೈ ಮಳೆಯಲ್ಲಿ ನೆನೆದ ಲಕೋಟೆ ಬಾಗಿಲಿಗೆ ಬರುವುದು ಹೊಸದಲ್ಲ.

ಮರಳುಗಾಡಿನ ಕಾರ್ಡ್‌ಗೆ ಮಂಗಳೂರು, ಕಾರವಾರ, ಮಡಿಕೇರಿಯ ಹವೆ ಆಗಿಬರುವುದಿಲ್ಲ. ಕಾಗದಕ್ಕೆ ಹಿತವಾದ ತೇವಾಂಶ 35ರಿಂದ 50 ಶೇಕಡ, ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಟ್ಟಲೆ ಅದು 85 ದಾಟಿರುತ್ತದೆ. ಕಂದು ಚುಕ್ಕೆಗಳು ಏಳುವುದು ಶಿಲೀಂಧ್ರದಿಂದ ಮತ್ತು ಕಾಗದದೊಳಗಿನ ಕಬ್ಬಿಣದ ಕಣಗಳಿಂದ, ಎರಡಕ್ಕೂ ತೇವವೇ ಆಹಾರ. ನಿಜ ಫೋಟೊ ಕಾರ್ಡ್‌ನ ಜೆಲಟಿನ್ ತೇವಕ್ಕೆ ಉಬ್ಬಿ ಹೊದಿಕೆಗೆ ಅಂಟಿಕೊಳ್ಳುತ್ತದೆ, ಎಳೆದರೆ ಚಿತ್ರವೇ ಕಿತ್ತುಬರುತ್ತದೆ. ಹೊದಿಕೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್‌ನದ್ದಾಗಿರಲಿ. ಹೊಸ ರೇನ್‌ಕೋಟಿನ ವಾಸನೆ ಹೊಡೆಯುವ ಮೆತ್ತನೆ ಪಿವಿಸಿ ಆಲ್ಬಂ ಬೇಡ, ಅದರಿಂದ ಒಸರುವ ಎಣ್ಣೆಯಂಥ ದ್ರವ ಶಾಯಿಯನ್ನು ಎತ್ತುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ಜೊತೆಗೆ ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೊಮೀಟರ್. ಜೆಲ್‌ನ ಬಣ್ಣ ತಿರುಗಿದಾಗ ತೆಗೆದು, ಪೊಟ್ಟಣದ ಮೇಲೆ ಬರೆದ ಶಾಖದಲ್ಲಿ ಒಣಗಿಸಿ ಮತ್ತೆ ಹಾಕಿ. ನುಸಿಗುಳಿಗೆ ಹಾಕಬೇಡಿ. ಡಬ್ಬಿಯನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡುವುದಕ್ಕಿಂತ ಮನೆಯ ನಡುಕೋಣೆಯಲ್ಲಿ, ನೆಲದಿಂದ ಮೇಲಕ್ಕೆ ಇಡಿ. ಬೆಂಗಳೂರು, ಧಾರವಾಡದಲ್ಲಿ ಇಷ್ಟು ಕಟ್ಟುನಿಟ್ಟು ಬೇಕಿಲ್ಲ, ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ತೆರೆದು ನೋಡಿದರಾಯಿತು.

ಹಿಂಬದಿಯಲ್ಲಿ ಅಂಗಡಿಯವರು ಪೆನ್ಸಿಲ್‌ನಲ್ಲಿ ಬರೆದ ಬೆಲೆಯನ್ನು ಮೆತ್ತನೆಯ ವಿನೈಲ್ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರಾಗಿ ಒರೆಸಬಹುದು. ಸ್ಟಾಂಪ್ ಬಿಡಿಸಲು ನೀರಲ್ಲಿ ನೆನೆಸುವುದು, ಮಡಿಕೆ ತೆಗೆಯಲು ಇಸ್ತ್ರಿ ಹಾಕುವುದು, ಹರಿದದ್ದಕ್ಕೆ ಸೆಲೋಟೇಪ್ ಅಂಟಿಸುವುದು, ಈ ಮೂರಂತೂ ಖಂಡಿತ ಬೇಡ. ಮಡಿಕೆ ಬಿದ್ದ ಕಾರ್ಡನ್ನು ಆಮ್ಲರಹಿತ ಕಾಗದಗಳ ನಡುವಿಟ್ಟು ಮೇಲೆ ಭಾರದ ಪುಸ್ತಕ ಹೇರಿ ಕೆಲವು ವಾರ ಬಿಟ್ಟರೆ ಬಾಗು ತಕ್ಕಮಟ್ಟಿಗೆ ಇಳಿಯುತ್ತದೆ, ಗೆರೆ ಮಾತ್ರ ಹೋಗುವುದಿಲ್ಲ.